ಉಸುರು ತಗೊ

ಮೂವತ್ತೊಂಬತ್ತನೆಯ ಚೆಂಡೂ ಆಂಜಿಯ ಗ್ಲೌಸಿಗೆ ಬರಲಿಲ್ಲ. ಅವಳ ತಲೆಯ ಮೇಲೆ ಒಂದು ಮೊಳ ಎತ್ತರದಲ್ಲಿ ಹಾದುಹೋಗಿ, ಕಾಂಪೌಂಡ್ ಗೋಡೆಗೆ ಬಡಿದು, ಬಿಸಿಯೂಟದ ಕೋಣೆಯ ಹಿಂದಿನ ಜಾಲಿಯೊಳಗೆ ಸೇರಿಕೊಂಡಿತು. ಆಂಜಿ ಕ್ಯಾಚರು. ಪಿಚರು ಶಿರೀಷಾ ಎಸೆದ ಚೆಂಡು ಹಿಡಿಯುವುದು ಅವಳ ಕೆಲಸ. ಎರಡು ತಿಂಗಳಿಂದ ಚೆಂಡು ಹುಡುಕುವುದೇ ಆಗಿತ್ತು. ಮುಖದ ಜಾಲರಿಯನ್ನು ಹಣೆಗೇರಿಸಿ ಎದ್ದು ನಿಂತು, "ಲೇ ಶಿರೀ, ಆ ಜಾಲಿಗಿಡಕ್ಕ ಗ್ಲೌಸ್ ಕಟ್ಟಿಬಿಡೋಣೇನು? ನನ್ನ ಮೊಣಕಾಲರ ಉಳಿತಾವ" ಅಂದಳು.

ಮೊದಲಾಗಿದ್ದರೆ ಶಿರೀಷಾ ಒಂದು ಹೆಂಟೆ ಎತ್ತಿ ಅವಳ ಬೆನ್ನಿಗೆ ಎಸೆಯುತ್ತಿದ್ದಳು. ಈಗ ತನ್ನ ಬಲಗೈಯನ್ನೇ ನೋಡುತ್ತ ನಿಂತಳು, ಯಾರೋ ತಂದು ತನ್ನ ಹೆಗಲಿಗೆ ಸಿಕ್ಕಿಸಿಹೋದ ಕೈ ಅನ್ನುವ ಹಾಗೆ.

ನಾಗಜ್ಯೋತಿ ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆದಳು. ಅವಳು ಆ ಶಾಲೆಯ ಆಟದ ಟೀಚರು. ಆಂಧ್ರದ ಗಡಿಯ ಹೊಳಗುಂದದಿಂದ ಆರು ಕಿಲೋಮೀಟರು ಸ್ಕೂಟಿಯಲ್ಲಿ ಬರುವವಳು. ಆದೋನಿಯಲ್ಲಿ ಜಿಲ್ಲಾ ಬೇಸ್‌ಬಾಲ್ ತಂಡದ ಆಯ್ಕೆಗೆ ಇನ್ನು ಒಂಬತ್ತು ದಿನ ಉಳಿದಿದ್ದವು. ಹದಿನೇಳು ತುಂಬದ ಹುಡುಗಿಯರ ತಂಡ. ಶಿರೀಷಾಗೆ ಜನವರಿಯಲ್ಲಿ ಹದಿನೇಳು ತುಂಬುತ್ತದೆ, ಹಾಗಾಗಿ ಅವಳಿಗೆ ಇದೇ ಕೊನೆ. ತಂಡಕ್ಕೆ ಸೇರಿದರೆ ಕ್ರೀಡಾ ಹಾಸ್ಟೆಲಿನಲ್ಲಿ ಹತ್ತರ ನಂತರದ ಇಂಟರ್ ಓದಲು ಸೀಟು, ಊಟ, ದಿನಾ ಆಟ. ಸೇರದಿದ್ದರೆ ಹತ್ತನೆಯ ತರಗತಿಗೆ ಓದು ಮುಗಿದು, ಅಪ್ಪನ ಕುರಿಗಳ ಹಿಂದೆ ಊರೂರು. ಇದನ್ನು ಟೀಚರು, ಹುಡುಗಿ ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳದ ಮಾತುಗಳು ಆ ಇಬ್ಬರ ನಡುವೆ ಬಹಳ ಇದ್ದವು.

ನೋಟ್‌ಬುಕ್ಕಿನಲ್ಲಿ ಚೆಂಡು ಎಲ್ಲಿ ಬಿತ್ತು ಎಂದು ಬರೆಯುವ ಪದ್ಧತಿ ಇರಲಿಲ್ಲ. ಎರಡು ವರ್ಷದ ಹಿಂದೆ ಅನಂತಪುರದಲ್ಲಿ ನಾಲ್ಕು ದಿನದ ತರಬೇತಿಗೆ ಹೋಗಿದ್ದಾಗ, ಅಲ್ಲಿನ ಹಳೆಯ ಕೋಚೊಬ್ಬರು ಕಲಿಸಿದ್ದು ಅದೇ. ಚೆಂಡು ಕೈಬಿಟ್ಟ ಮೇಲೆ ಅದು ನಿಮ್ಮದಲ್ಲ. ಕೈಯಲ್ಲಿರುವ ತನಕ ಏನು ಮಾಡುತ್ತೀರೋ ಅಷ್ಟೇ ನಿಮ್ಮದು. ಮಕ್ಕಳಿಗೆ ಫಲ ತೋರಿಸಬೇಡಿ, ಕೆಲಸ ತೋರಿಸಿ. ನಾಗಜ್ಯೋತಿ ಆ ಕೆಲಸವನ್ನು ನಾಲ್ಕು ಹೆಜ್ಜೆಗೆ ಇಳಿಸಿಕೊಂಡು ಬಂದಿದ್ದಳು. ಬಗ್ಗಿ ಒಂದು ಚಿಟಿಕೆ ಮಣ್ಣು ಮುಟ್ಟುವುದು. ಚೆಂಡಿನ ಹೊಲಿಗೆಯ ಮೇಲೆ ಎರಡು ಬೆರಳು ಇಡುವುದು. ಕ್ಯಾಚರಿನ ಗ್ಲೌಸು ನೋಡುವುದು. ಕೊನೆಗೆ ಉಸಿರು. ಮಣ್ಣು, ಬೆರಳು, ಗ್ಲೌಸು, ಉಸಿರು. ಪ್ರತಿ ಎಸೆತಕ್ಕೆ ಮುಂಚೆ ಅವಳು ಬದಿಯಲ್ಲಿ ನಿಂತು ತನ್ನ ಹೊಳಗುಂದದ ಮಾತಿನಲ್ಲಿ ಮೆಲ್ಲಗೆ ಅನ್ನುತ್ತಿದ್ದಳು: "ಮಣ್ಣು ಮುಟ್ಟು. ಬೆರಳು ಇಡು. ಗ್ಲೌಸ್ ನೋಡು. ಉಸುರು ತಗೊ."

ನಾಲ್ಕಕ್ಕೆ ನಾಲ್ಕು ಗೆರೆ. ಚೆಂಡು ಗೋಡೆಗೆ ಹೋದರೂ ನಾಲ್ಕು ಗೆರೆ ಬಿದ್ದಿದ್ದರೆ ಅದು ಒಳ್ಳೆಯ ಎಸೆತ. ಹಾಗೆ ನಂಬಬೇಕಿತ್ತು. ಆದರೆ ಒಂಬತ್ತೇ ದಿನ ಉಳಿದಾಗ, ಗೆರೆ ಎಳೆಯುವ ಕೈ ಗೆರೆ ಎಳೆಯುತ್ತದೆ, ಕಣ್ಣು ಮಾತ್ರ ಜಾಲಿಯೊಳಗಿನ ಚೆಂಡನ್ನೇ ನೋಡುತ್ತದೆ.

ಆಗಸ್ಟಿನಲ್ಲಿ ಆದೋನಿಯಲ್ಲಿ ಒಂದು ಪಂದ್ಯ ನಡೆದಿತ್ತು. ಎದುರಿನ ತಂಡದಲ್ಲಿ ಪತ್ತಿಕೊಂಡದ ಪಲ್ಲವಿ ಎಂಬ ಹುಡುಗಿ. ಶಿರೀಷಾ ಏನು ಹಾಕಿದರೂ ಆ ಹುಡುಗಿ ಬ್ಯಾಟು ಬೀಸಿ ದೂರ ಅಟ್ಟುತ್ತಿದ್ದಳು, ಮುಂಗಾಲು ಮುಂದಿಟ್ಟು, ಹೆದರಿಕೆ ಇಲ್ಲದೆ. ಮೂರನೆಯ ಸಲ ಪಲ್ಲವಿ ಬಂದು ನಿಂತಾಗ, ಬೆಂಚಿನ ಮೇಲಿದ್ದ ನಾಗಜ್ಯೋತಿ ಶಿರೀಷಾಳನ್ನು ನೋಡಿ ತನ್ನ ಎದೆಯನ್ನು ಎರಡು ಸಲ ತಟ್ಟಿಕೊಂಡಳು. ಅದು ಅವರ ಗುಟ್ಟಿನ ಸನ್ನೆ: ಮೈಗೆ ಹತ್ತಿರ ಹಾಕು, ಹಿಂದೆ ಸರಿಯಲಿ. ಆಟದಲ್ಲಿ ಅದು ತಪ್ಪಲ್ಲ, ಎಲ್ಲರೂ ಹಾಕಿಸುತ್ತಾರೆ. ಶಿರೀಷಾ ಹಾಕಿದಳು. ಪಲ್ಲವಿ ಹಿಂದೆ ಸರಿಯಲಿಲ್ಲ. ಹೆಲ್ಮೆಟ್ಟಿನ ಅಂಚಿನ ಕೆಳಗೆ, ಎಡಗಣ್ಣಿನ ಬುಡದಲ್ಲಿ, ಚೆಂಡು ಬಡಿಯಿತು.

ಆ ಸದ್ದು ಇಡೀ ಮೈದಾನಕ್ಕೆ ಕೇಳಿಸಿತ್ತು. ನಾಗಜ್ಯೋತಿ ಐಸಿನ ಡಬ್ಬಿ ಹಿಡಿದು ಓಡಿದಳು, ಆಟೋದಲ್ಲಿ ಪಲ್ಲವಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಹೋದಳು. ಕೆನ್ನೆಯ ಎಲುಬು ಮುರಿದಿತ್ತು. ಕಣ್ಣು ಉಳಿಯಿತು, ಆದರೆ ನೋಟ ಮಬ್ಬಾಯಿತು. ಇನ್ನು ಆಟ ಬೇಡ ಎಂದರು ಡಾಕ್ಟರು. ಆಟೋ ಹೊರಟ ಮೇಲೆ ಮೈದಾನದಲ್ಲಿ ಏನು ನಡೆಯಿತೆಂದು ನಾಗಜ್ಯೋತಿಗೆ ಗೊತ್ತಿರಲಿಲ್ಲ. ಪಲ್ಲವಿಯ ತಾಯಿ ಆಗಷ್ಟೇ ಬಂದು ಮುಟ್ಟಿದರಂತೆ, ಅಳುತ್ತಿದ್ದರಂತೆ ಎಂದು ಆಂಜಿ ಹೇಳಿದ್ದಳು, ಅಷ್ಟೆ. ಆ ಎದೆ ತಟ್ಟಿದ ಸನ್ನೆಯ ಬಗ್ಗೆ ಅವಳು ಯಾರಿಗೂ ಹೇಳಲಿಲ್ಲ. ಶಿರೀಷಾಳೂ ಹೇಳಲಿಲ್ಲ. ಹುಡುಗಿಯ ಆ ಮೌನವನ್ನು ಮೊದಮೊದಲು ನಾಗಜ್ಯೋತಿ ಮರ್ಯಾದೆ ಎಂದುಕೊಂಡಳು. ವಾರ ಕಳೆದಂತೆ ಅದು ತನ್ನ ಮೇಲೆ ಹೊರಿಸಿದ ಕಲ್ಲಿನಂತೆ ಆಯಿತು. ಕೆಳಗಿಳಿಸಬೇಕೆಂದರೆ ಬಾಯಿ ತೆರೆಯಬೇಕು. ತೆರೆಯಲಿಲ್ಲ.

ಆಮೇಲೆ ಶಿರೀಷಾಳ ಕೈ ಕೆಟ್ಟಿತು. ಮಣ್ಣು ಚೆನ್ನಾಗಿ ಮುಟ್ಟುತ್ತಿದ್ದಳು, ಬೆರಳು ಸರಿಯಾಗಿಯೇ ಕೂರುತ್ತಿತ್ತು, ಗ್ಲೌಸಿನ ಮೇಲೆ ಕಣ್ಣೂ ಇರುತ್ತಿತ್ತು. ನಾಲ್ಕನೆಯ ಹೆಜ್ಜೆಗೆ ಬಂದಾಗ ಹೆಗಲು ಕಿವಿಯ ತನಕ ಏರಿಬಿಡುತ್ತಿತ್ತು. ನಾಗಜ್ಯೋತಿ ಅದನ್ನು ಹೆದರಿಕೆ ಎಂದು ಓದಿಕೊಂಡಳು. ಹೆದರಿಕೆಗೆ ಮದ್ದು ಉಸಿರು ಎಂದು ಕಲಿತಿದ್ದಳು. ಹಾಗಾಗಿ ಉಸಿರಿನ ಅಭ್ಯಾಸವನ್ನೇ ಹೆಚ್ಚಿಸಿದಳು. ಖಾಲಿ ತರಗತಿಯಲ್ಲಿ ಹುಡುಗಿಯನ್ನು ಚಾಪೆಯ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ಚೆಂಡು ಇಟ್ಟು, ಅದು ಏರಿ ಇಳಿಯುವುದನ್ನು ನೋಡುತ್ತ, "ಉಸುರು ತಗೊ, ಉಸುರು ತಗೊ" ಎಂದು ಅರ್ಧ ಗಂಟೆ ಅನ್ನುತ್ತಿದ್ದಳು. ಒಂದು ದಿನ ಶಿರೀಷಾಳ ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಗೆ ಹೋಯಿತು. ಒಳ್ಳೆಯದು, ಒಳಗಿನದು ಹೊರಗೆ ಬರುತ್ತಿದೆ ಎಂದುಕೊಂಡಳು ನಾಗಜ್ಯೋತಿ. ಮರುದಿನ ನಲವತ್ತರಲ್ಲಿ ಒಂದೂ ಗ್ಲೌಸಿಗೆ ಬೀಳಲಿಲ್ಲ.

ಆಯ್ಕೆಗೆ ಮೂರು ದಿನ ಇರುವಾಗ ಶಿರೀಷಾ ಶಾಲೆಗೆ ಬರಲಿಲ್ಲ. ಸಂಜೆ ಅವಳ ಅಪ್ಪ ಕೆಂಚಣ್ಣ ಗೇಟಿನ ಹತ್ತಿರ ಕಂಬಳಿ ಹೆಗಲಿಗೇರಿಸಿಕೊಂಡು ನಿಂತಿದ್ದ. ಮಗಳು ಬರುವುದಿಲ್ಲ ಅನ್ನುತ್ತಾಳೆ, ಏನು ಕೇಳಿದರೂ ಹೇಳುವುದಿಲ್ಲ ಎಂದ. ಕೈಗೆ ಏನಾದರೂ ಆಗಿದೆಯೇ ಎಂದು ನಾಗಜ್ಯೋತಿ ಕೇಳಿದ್ದಕ್ಕೆ ಅವನಿಗೆ ನಗು ಬಂತು.

"ಕೈಗೆ ಏನಾಗಬೇಕ್ರಿ ಮೇಡಮ್ಮಾ? ಬಂದು ನೋಡ್ರಿ. ಆಕಿ ಕಲ್ಲು ನಂಬಿ ನಾ ನಾಯೀನ ಸಾಕಿಲ್ಲ."

ನಾಗಜ್ಯೋತಿ ಅವನ ಹಿಂದೆ ಹೋದಳು. ಶೇಂಗಾ ಕಿತ್ತು ಮುಗಿದ ಹೊಲದಲ್ಲಿ ಕುರಿಗಳಿದ್ದವು. ಪಕ್ಕದ್ದು ಹತ್ತಿ ಹೊಲ. ಅದಕ್ಕೆ ಬಾಯಿ ಹಾಕದಂತೆ ಕಾಯುವುದೇ ಕೆಲಸ. ಶಿರೀಷಾ ಬದುವಿನ ಮೇಲೆ ನಿಂತಿದ್ದಳು. ಮುಂಚೂಣಿಯ ಕುರಿಯೊಂದು ಹತ್ತಿಯ ಕಡೆ ತಿರುಗಿತು. ಅವಳು ಬಗ್ಗಿ, ನೋಡದೆಯೇ ಕೈಗೆ ಸಿಕ್ಕ ಕಲ್ಲು ಎತ್ತಿ ಬೀಸಿದಳು. ಅರವತ್ತು ಹೆಜ್ಜೆ ದೂರ. ಕಲ್ಲು ಕುರಿಯ ಮೂಗಿನ ಮುಂದೆ ಒಂದು ಗೇಣು ಬಿಟ್ಟು ಬಿತ್ತು, ಕುರಿ ತಿರುಗಿತು. ಮತ್ತೊಂದು. ಮತ್ತೊಂದು. ಕುರಿಗೆ ತಗಲಬಾರದು, ಮುಂದೆ ಬೀಳಬೇಕು. ಅದು ಕುರಿಯವರ ವಿದ್ಯೆ. ನಾಲ್ಕು ವರ್ಷದ ಹಿಂದೆ ರಸ್ತೆಯಿಂದ ಇದನ್ನೇ ನೋಡಿ ನಾಗಜ್ಯೋತಿ ಸ್ಕೂಟಿ ನಿಲ್ಲಿಸಿದ್ದಳು, ಈ ಹುಡುಗಿಯ ಕೈಗೆ ಚೆಂಡು ಕೊಟ್ಟಿದ್ದಳು.

ಅವಳ ಎದೆ ಹಗುರಾಯಿತು. ಕೈ ಸತ್ತಿಲ್ಲ. ಹತ್ತಿರ ಹೋಗಿ, ಮೈದಾನದಲ್ಲಿ ಅನ್ನುವ ಹಾಗೆಯೇ, ಬೆನ್ನ ಹಿಂದಿನಿಂದ ಮೆಲ್ಲಗೆ ಅಂದಳು: "ಹಾಂ. ಹಂಗಽ ಹಾಕವಾ. ಈಗ ಉಸುರು ತಗೊ."

ಎತ್ತಿದ ಕಲ್ಲು ಶಿರೀಷಾಳ ಕೈಯಿಂದ ಅವಳ ಪಾದದ ಹತ್ತಿರವೇ ಬಿತ್ತು.

ಬೇವಿನ ನೆರಳಿನಲ್ಲಿ ಕೂತು ಬಳ್ಳಿಯಲ್ಲಿ ಉಳಿದ ಶೇಂಗಾ ಬಿಡಿಸುತ್ತಿದ್ದ ಅವಳ ತಾಯಿ ಪದ್ಮಜಾ ಎದ್ದು ಬಂದಳು. ಪದ್ಮಜಾ ಪತ್ತಿಕೊಂಡದ ಆಚೆಯವಳು, ತೆಲುಗಿನ ಮನೆಯವಳು. ಕೆಂಚಣ್ಣನ ಮನೆಗೆ ಬಂದು ಇಪ್ಪತ್ತು ವರ್ಷವಾದರೂ ಅವಳ ಕನ್ನಡ ಅರ್ಧ ದಾರಿಯಲ್ಲೇ ನಿಂತಿತ್ತು. ಆ ಮನೆಯಲ್ಲಿ ಮಗಳು ಅಪ್ಪನ ಜೊತೆ ಕನ್ನಡ, ಅಮ್ಮನ ಜೊತೆ ತೆಲುಗು.

"ಮೇಡಂ, ತಪ್ಪು ತಿಳಕೋಬ್ಯಾಡ್ರಿ. ನೀವು ದಿನಾ ನನ್ನ ಕೂತುರ್ಗೆ, ಮಗಳಿಗೆ, ಆ ಮಾತು ಯಾಕ ಅಂತೀರಿ? ನಿದ್ದಿಯಾಗ ಕೂಡ ಅದನ್ನಽ ಅಂತಾಳ. ಉಸುರು ತಗಲಿಂದಿ, ಉಸುರು ತಗಲಿಂದಿ ಅಂತ."

ಉಸುರು ತಗುಲಿದೆ, ಎಂದು ನಾಗಜ್ಯೋತಿ ಅದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದಳು.

ತೆಲುಗಿನ ಉಸುರು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಸೀಮೆಯಲ್ಲಿ ಗೊತ್ತಿಲ್ಲದವರು ಯಾರು? ನೊಂದ ಜೀವದ ನಿಟ್ಟುಸಿರು, ಬಡವರ ಕಣ್ಣೀರಿನ ಶಾಪ. ಅದು ತಗುಲಿದರೆ ಹೊಲ ಬೆಳೆಯುವುದಿಲ್ಲ, ಬಸಿರು ನಿಲ್ಲುವುದಿಲ್ಲ, ಕೈ ಏಳುವುದಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಜಗಳದಲ್ಲಿ ನೂರು ಸಲ ಕೇಳಿದ ಮಾತು. ಆದರೆ ಮೈದಾನದಲ್ಲಿ, ತನ್ನ ಬಾಯಲ್ಲಿ, ಅದು ಬರೀ ಉಸಿರಾಗಿತ್ತು. ಒಂದೇ ಮಾತು ತನ್ನ ಬಾಯಿಂದ ಗಾಳಿಯಾಗಿ ಹೊರಟು, ಆ ಹುಡುಗಿಯ ಕಿವಿಯಲ್ಲಿ ಶಾಪವಾಗಿ ಇಳಿಯುತ್ತಿತ್ತು. ಹತ್ತು ವಾರ. ದಿನಕ್ಕೆ ನಲವತ್ತು ಸಲ.

"ಯಾರಂದರು ನಿನಗ?" ಎಂದು ಕೇಳಿದಳು.

ಕುರಿಗಳು ಹತ್ತಿಗೆ ಬಾಯಿ ಹಾಕಿದವು. ಕೆಂಚಣ್ಣ ಕೂಗುತ್ತ ಓಡಿದ. ಆಮೇಲೆ ಶಿರೀಷಾ ನೆಲ ನೋಡುತ್ತ, ಪಲ್ಲವಿಯ ತಾಯಿ ಅಂದದ್ದನ್ನು ಅಂದ ಹಾಗೆಯೇ ಅಂದಳು: "ನಾ ಬಿಡ್ಡ ಉಸುರು ನೀಕು ತಗುಲ್ತಾದಿ."

ನನ್ನ ಮಗಳ ಉಸುರು ನಿನಗೆ ತಗಲುತ್ತದೆ. ಆಟೋ ಹೋದ ಮೇಲೆ, ಎಲ್ಲರೂ ಆಟೋದ ಹಿಂದೆ ನೋಡುತ್ತಿರುವಾಗ, ಪಲ್ಲವಿಯ ತಾಯಿ ಶಿರೀಷಾಳ ಬಲಗೈ ಹಿಡಿದುಕೊಂಡು ಅಂದದ್ದು. ಹುಡುಗಿ ಸನ್ನೆಯ ಮಾತು ಎತ್ತಲಿಲ್ಲ, ಮೇಡಂ ಹಾಕಿಸಿದರು ಎಂದು ಹೇಳಲಿಲ್ಲ. ಹೇಳಿದ್ದರೆ ಆ ಕೈ ಬಿಟ್ಟುಬಿಡುತ್ತಿದ್ದರೋ ಏನೋ.

ಶನಿವಾರ ನಾಗಜ್ಯೋತಿ ರಜೆ ಹಾಕಿ ಪತ್ತಿಕೊಂಡದ ಬಸ್ಸು ಹತ್ತಿದಳು. ಆಲೂರಿನಲ್ಲಿ ಬಸ್ಸು ಬದಲಿಸುವಾಗ ಹಿಂದಿರುಗಿಬಿಡೋಣ ಅನ್ನಿಸಿತು. ಕ್ಷಮೆ ಕೇಳಲು ಹೊರಟಿದ್ದೇನೆಯೇ ಎಂದು ತನ್ನನ್ನೇ ಕೇಳಿಕೊಂಡಳು. ಅಲ್ಲ. ಕ್ಷಮೆ ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ತಾನು ಕೇಳಹೊರಟದ್ದು ಬೇರೆ, ಬಿ.ಪಿ.ಎಡ್ ಓದಿದ ಯಾರ ಮುಂದೆಯೂ ಹೇಳಲಾಗದ್ದು.

ಪಲ್ಲವಿಯ ತಾಯಿ ಮಹೇಶ್ವರಿ ಟೊಮ್ಯಾಟೊ ಮಂಡಿಯಲ್ಲಿ ಕಾಯಿ ಆರಿಸುತ್ತಿದ್ದಳು. ಒಡೆದದ್ದು ಒಂದು ಕಡೆ, ಹಣ್ಣಾದದ್ದು ಒಂದು ಕಡೆ, ಗಟ್ಟಿಯಾದದ್ದು ಕ್ರೇಟಿಗೆ. ನಾಗಜ್ಯೋತಿ ಯಾರೆಂದು ಹೇಳಿಕೊಂಡ ಮೇಲೂ ಕೈ ನಿಲ್ಲಲಿಲ್ಲ. ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ನಾಗಜ್ಯೋತಿ ತೆಲುಗಿನಲ್ಲಿ ಎಲ್ಲ ಹೇಳಿದಳು. ಆ ಚೆಂಡನ್ನು ಹುಡುಗಿ ತಾನಾಗಿ ಹಾಕಲಿಲ್ಲ, ನಾನು ಹಾಕಿಸಿದೆ. ಹೀಗೆ ತಟ್ಟಿದೆ ಎಂದು ಎದೆ ತಟ್ಟಿ ತೋರಿಸಿದಳು. ಎರಡು ಸಲ. ನೀವು ಅಂದ ಆ ಮಾತು ತಪ್ಪು ವಿಳಾಸಕ್ಕೆ ಹೋಗಿದೆ, ಅಲ್ಲಿಂದ ತೆಗೆದು ನನ್ನ ಮೇಲೆ ಹಾಕಿರಿ ಎಂದಳು.

ಮಹೇಶ್ವರಿ ಇನ್ನೂ ನಾಲ್ಕಾರು ಕಾಯಿ ಆರಿಸಿದಳು. ನಂತರ ಸೆರಗಿಗೆ ಕೈ ಒರೆಸಿಕೊಂಡು ಮೊದಲ ಸಲ ಅವಳ ಮುಖ ನೋಡಿದಳು. "ಅಯಿತೇ ಮೀಕೇ ತಗಲಾಲ" ಅಂದಳು. ಹಾಗಾದರೆ ನಿಮಗೇ ತಗಲಬೇಕು. ದನಿಯಲ್ಲಿ ಸಿಟ್ಟಿರಲಿಲ್ಲ. ಕಾಯಿ ಯಾವ ಕ್ರೇಟಿಗೆ ಎಂದು ಹೇಳಿದ ಹಾಗಿತ್ತು.

ನಾಗಜ್ಯೋತಿ ತಲೆಯಾಡಿಸಿ ಎದ್ದಳು. ಮಂಡಿಯ ಬಾಗಿಲಲ್ಲಿ ಒಬ್ಬ ಹುಡುಗಿ ಊಟದ ಡಬ್ಬಿ ಹಿಡಿದು ನಿಂತಿದ್ದಳು. ಎಡಗಣ್ಣಿನ ಕೆಳಗೆ ಹೊಳೆಯುವ ಗೆರೆ. ಮೇಡಂನ ಗುರುತು ಹಿಡಿದಳೋ ಇಲ್ಲವೋ, ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಆ ದಿನ ಸರಿಯದ ಹುಡುಗಿ.

ಭಾನುವಾರ ಬೆಳಿಗ್ಗೆ ಶಿರೀಷಾ ಬಂದಳು. ಪದ್ಮಜಾ ಕೈ ಹಿಡಿದು ಬಸ್ಸಿಗೆ ಹತ್ತಿಸಿದ್ದಳು. ಆದೋನಿಯ ಮೈದಾನದಲ್ಲಿ ಇಪ್ಪತ್ತಾರು ಹುಡುಗಿಯರು. ಪಿಚರುಗಳಿಗೆ ನಿಯಮ ಸರಳ: ಹತ್ತು ಚೆಂಡು, ಏಳು ಗ್ಲೌಸಿಗೆ ಬರಬೇಕು. ನಾಗಜ್ಯೋತಿ ಅವಳನ್ನು ನೀರಿನ ಟ್ಯಾಂಕಿನ ಹಿಂದೆ ಕರೆದುಕೊಂಡು ಹೋಗಿ ಪತ್ತಿಕೊಂಡದ ಸುದ್ದಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೆಸರು ಕೂಗಿದರು. ಪಟ್ಟಿಯಲ್ಲಿ ಹನ್ನೊಂದನೆಯದಾಗಿದ್ದ ಹೆಸರನ್ನು ಎರಡನೆಯದಾಗಿ ಕೂಗಿದರು, ನಡುವಿನವರ ಬಸ್ಸು ಬಂದಿರಲಿಲ್ಲ.

ಮೊದಲ ಚೆಂಡು ಬಲಕ್ಕೆ. ಎರಡನೆಯದು ನೆಲಕ್ಕೆ. ಮೂರನೆಯದು ಆಯ್ಕೆಗಾರರ ಮೇಜಿನ ಹತ್ತಿರ ಹೋಯಿತು. ಯಾರೋ ಕುರ್ಚಿ ಹಿಂದಕ್ಕೆ ಎಳೆದುಕೊಂಡು ನಕ್ಕರು. ನಾಗಜ್ಯೋತಿ ಹಗ್ಗದ ಆಚೆ ನಿಂತಿದ್ದಳು. ಹುಡುಗಿ ಬಗ್ಗಿ ಮಣ್ಣು ಮುಟ್ಟಿದಳು, ಬೆರಳು ಇಟ್ಟಳು, ಗ್ಲೌಸು ನೋಡಿದಳು, ಯಾರೂ ಏನೂ ಅನ್ನದಿದ್ದರೂ ಹೆಗಲು ಏರಿತು. ಆ ಮಾತನ್ನು ಈಗ ಹೊರಗಿನಿಂದ ಹೇಳುವ ಅಗತ್ಯವೇ ಇರಲಿಲ್ಲ. ನಾಲ್ಕನೆಯದೂ ಹೋಯಿತು.

ನಾಲ್ಕು ತಪ್ಪಿದರೆ ಉಳಿಯುವುದು ಆರು. ಲೆಕ್ಕ ಅಲ್ಲಿಗೆ ಮುಗಿದಿತ್ತು. ಆಯ್ಕೆಗಾರರು ಪಟ್ಟಿಯಲ್ಲಿ ಗೆರೆ ಹೊಡೆದು, ಬಾಕಿಯದು ಹಾಕುವುದಿದ್ದರೆ ಹಾಕಮ್ಮಾ, ಇಲ್ಲದಿದ್ದರೆ ಬಿಡು ಅಂದರು.

ನಾಗಜ್ಯೋತಿ ಹಗ್ಗ ದಾಟಿದಳು. ಮೇಜಿನಿಂದ ಯಾರೋ ಗದರಿದರು, ಅವಳು ನಿಲ್ಲಲಿಲ್ಲ. ಹುಡುಗಿಯ ಎದುರು ನಿಂತು, ಆ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಿನ್ನೆ ಪತ್ತಿಕೊಂಡಕ್ಕ ಹೋಗಿದ್ದೆ. ಹಾಕಿಸಿದಾಕಿ ನಾನು ಅಂತ ಹೇಳಿ ಬಂದೀನಿ. ಆ ಉಸುರು ನಿನಗ ಅಲ್ಲವಾ, ನನಗ. ಆಕಿ ಬಾಯಿಂದಽ ಅನ್ನಿಸ್ಕೊಂಡು ಬಂದೀನಿ."

ಶಿರೀಷಾ ಅವಳನ್ನು ನೋಡಿದಳು. ಆ ನೋಟದಲ್ಲಿ ಸಮಾಧಾನವಿರಲಿಲ್ಲ, ಭಯವಿತ್ತು. ಈ ಸಲ ಬೇರೆಯವರಿಗಾಗಿ. "ನಿಮಗೇನರ ಆದ್ರ, ಮೇಡಂ?"

"ನಾನೇನು ಬಾಲ್ ಹಾಕಬೇಕೇನು? ನೀ ಹಾಕು."

ಅವಳು ಹಗ್ಗದ ಆಚೆ ಬಂದು ನಿಂತಳು. ಏನೂ ಅನ್ನಲಿಲ್ಲ. ಶಿರೀಷಾ ಮಣ್ಣು ಮುಟ್ಟಿದಳು. ಬೆರಳು ಇಟ್ಟಳು. ಗ್ಲೌಸು ನೋಡಿದಳು. ನಾಲ್ಕನೆಯದಿಲ್ಲದೆ ಕೈ ಬೀಸಿದಳು. ಗ್ಲೌಸಿನ ಒಳಗೆ ಚೆಂಡು ಬಿದ್ದ ಸದ್ದು ಚಪ್ಪಾಳೆಯಂತಿತ್ತು. ಆರನೆಯದು ಅದೇ ಜಾಗಕ್ಕೆ. ಏಳು, ಎಂಟು. ಒಂಬತ್ತನೆಯದಕ್ಕೆ ಮೇಜಿನವರು ತಲೆ ಎತ್ತಿದರು. ಹತ್ತನೆಯದು ಎಷ್ಟು ವೇಗವಾಗಿ ಬಂತೆಂದರೆ ಕ್ಯಾಚರು ಹುಡುಗಿ ಗ್ಲೌಸು ಕಳಚಿ ಅಂಗೈ ಊದಿಕೊಂಡಳು.

ಆರು. ಏಳು ಬೇಕಿತ್ತು. ನಾಗಜ್ಯೋತಿ ಮೇಜಿನ ಮುಂದೆ ನಿಂತು ಅರ್ಧ ಗಂಟೆ ಬೇಡಿಕೊಂಡಳು. ಇನ್ನೊಂದು ಅವಕಾಶ ಕೊಡಿ, ಹೆಸರು ಮುಂಚೆ ಕೂಗಿದಿರಿ, ಕೊನೆಯ ಆರನ್ನು ನೀವೇ ನೋಡಿದಿರಿ. ಕೈ ಚೆನ್ನಾಗಿದೆ ಎಂದು ಅವರೂ ಒಪ್ಪಿದರು. ಮುಂದಿನ ವರ್ಷ ಕರೆದುಕೊಂಡು ಬನ್ನಿ ಎಂದರು. ಹುಟ್ಟಿದ ತಾರೀಖು ನೋಡಿ ಆ ಮಾತು ಕೈಬಿಟ್ಟರು. ಒಬ್ಬರಿಗೆ ನಿಯಮ ಮುರಿದರೆ ಇಪ್ಪತ್ತೈದು ಜನಕ್ಕೆ ಏನು ಹೇಳುವುದು? ಮಧ್ಯಾಹ್ನ ಓದಿದ ಹೆಸರುಗಳಲ್ಲಿ ಶಿರೀಷಾ ಇರಲಿಲ್ಲ.

ವಾಪಸು ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಹತ್ತಿ ಹೇರಿದ ಲಾರಿಗಳು ಎದುರಿಗೆ ಬರುತ್ತಿದ್ದವು; ರಸ್ತೆಯ ಜಾಲಿಗೆಲ್ಲ ಅರಳೆ ಸಿಕ್ಕಿಕೊಂಡಿತ್ತು. ನಾಗಜ್ಯೋತಿ ನೋಟ್‌ಬುಕ್ ತೆಗೆದು ಹತ್ತು ಚೆಂಡಿಗೆ ಗೆರೆ ಎಳೆಯಲು ಹೊರಟಳು. ಮೊದಲ ನಾಲ್ಕಕ್ಕೆ ನಾಲ್ಕು ನಾಲ್ಕು, ಕೊನೆಯ ಆರಕ್ಕೆ ಮೂರು ಮೂರು. ಪದ್ಧತಿಯ ಪ್ರಕಾರ ಕೆಟ್ಟ ಎಸೆತಗಳೇ ಒಳ್ಳೆಯವು. ಫಲ ನೋಡಬೇಡ ಎಂದು ಎರಡು ವರ್ಷ ಹೇಳಿದವಳು ತಾನು. ಆ ಎರಡೂ ವರ್ಷ ನೋಡಿದ್ದು ಫಲವನ್ನು ಮಾತ್ರ, ಹುಡುಗಿಯ ಮುಖವನ್ನಲ್ಲ. ಒಂದು ವಾರ ಮುಂಚೆ ಕೇಳಿದ್ದರೆ. ಆಗಸ್ಟಿನಲ್ಲೇ ಬಾಯಿ ತೆರೆದಿದ್ದರೆ. ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು.

ಹೊಳಗುಂದ ಹತ್ತಿರವಾದಾಗ ಶಿರೀಷಾ ಕಿಟಕಿಯಿಂದ ಮುಖ ತಿರುಗಿಸಿದಳು.

"ನಾಳೆ ಪ್ರಾಕ್ಟೀಸ್ ಐತೇನ್ರಿ ಮೇಡಂ?"

ಯಾವ ಆಯ್ಕೆಗೆ, ಯಾವ ತಂಡಕ್ಕೆ? ಎದುರಿಗೆ ಏನೂ ಉಳಿದಿರಲಿಲ್ಲ. ಹುಡುಗಿ ಮಾತ್ರ ಮಡಿಲಲ್ಲಿ ಬಲಗೈಯನ್ನು ತೆರೆದು, ಎರಡು ಬೆರಳನ್ನು ಇಲ್ಲದ ಹೊಲಿಗೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಉತ್ತರ ಹೇಳಲು ನಾಗಜ್ಯೋತಿ ಉಸಿರು ತೆಗೆದುಕೊಂಡಳು. ಅದು ಎದೆಯಲ್ಲಿ, ತಾನು ಎರಡು ಸಲ ತಟ್ಟಿಕೊಂಡ ಜಾಗದಲ್ಲೇ, ಸಿಕ್ಕಿಕೊಂಡಿತು. ಉಸುರು ತಗಲಿದ್ದು ಹೀಗೇ ಇರುತ್ತದೇನೋ ಎಂದುಕೊಂಡಳು.

"ಐತಿ" ಅಂದಳು. "ಏಳಕ್ಕ ಬಾ."